ಯಾವ ಶಾಲೆಯಲ್ಲಿ ಓದಿದ್ದು?

ಗ್ಲಾಸ್ಗೋಗೆ ಬಂದ ವರ್ಷದ ಜುಲೈ ಅದು. ಶನಿವಾರ ಬೆಳಿಗ್ಗೆ ಕಾಫಿಗೆ ನೀರಿಟ್ಟಿದ್ದೆ, ಬೀದಿಯ ತುದಿಯಲ್ಲಿ ಡೋಲಿನ ಸದ್ದು ಶುರುವಾಯಿತು. ಎದೆಗೇ ಬಂದು ಬಡಿಯುವ ಸದ್ದು. ಊರು ಬಿಟ್ಟು ಆರು ತಿಂಗಳಾಗಿತ್ತು, ತಮಟೆ ಕೇಳಿದ ಹಾಗಾಯಿತು. ಒಲೆ ಆರಿಸಿ ಕೆಳಗೆ ಓಡಿದೆ. ನೋಡಿದರೆ ಬೀದಿ ತುಂಬ ಕೇಸರಿ! ಗಂಡಸರ ಕೊರಳಲ್ಲಿ ಕೇಸರಿ ಪಟ್ಟಿ, ಹೆಂಗಸರ ಕೊರಳಲ್ಲೂ ಕೇಸರಿ ಪಟ್ಟಿ. ಹಿಂದೆ ಕೊಳಲಿನ ಬ್ಯಾಂಡು, ಮುಂದೆ ಇಬ್ಬರು ಹೊತ್ತ ದೊಡ್ಡ ಬಾವುಟ. ಬಾವುಟದಲ್ಲಿ ಬಿಳಿ ಕುದುರೆ ಏರಿ ಹೊಳೆ ದಾಟುವ ರಾಜ. ಸೂಟು, ಬೂಟು, ಕೆಲವರ ತಲೆ ಮೇಲೆ ಕರಿ ಬೌಲರ್ ಹ್ಯಾಟು. ಒಂದು ಕ್ಷಣ, ನಮ್ಮೂರ ಗಣಪತಿ ಮೆರವಣಿಗೆ ದಾರಿ ತಪ್ಪಿ ಇಲ್ಲಿಗೆ ಬಂದಿದೆಯೇನೋ ಅನಿಸಿತು.

ಎದುರಿನ ಅಂಗಡಿಯಿಂದ ಹಾಲು ತರಬೇಕಿತ್ತು. ಎರಡು ತಂಡಗಳ ನಡುವೆ ಜಾಗ ಕಂಡಿತು, ಕಾಲಿಟ್ಟೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ತೋಳು ಹಿಡಿದು ಎಳೆದಳು. ‘ದಾಟಬೇಡ ಮಗಾ, ವಾಕ್ ದಾಟಿದರೆ ಒದೆ ಬೀಳುತ್ತೆ.’ ವಾಕ್ ಅಂದರೆ ಈ ಮೆರವಣಿಗೆ. ತೇರಿನ ಹಗ್ಗ ದಾಟಬಾರದು ಅಂತ ನಮ್ಮಜ್ಜಿಯೂ ಹೇಳುತ್ತಿದ್ದಳು. ಅವಳಿಗಿದ್ದದ್ದು ದೇವರ ಭಯ. ಈ ಅಜ್ಜಿಗೆ ದೊಡ್ಡ ಡೋಲು ಬಡಿಯುವವನ ಮುಷ್ಟಿಯ ಭಯ.

ಬಾವುಟದ ಮೇಲಿದ್ದವನು ಮೂರನೇ ವಿಲಿಯಂ. 1690ರಲ್ಲಿ ಐರ್ಲೆಂಡಿನ ಬಾಯ್ನ್ ಹೊಳೆಯ ದಡದಲ್ಲಿ ಕ್ಯಾಥೊಲಿಕ್ ರಾಜ ಎರಡನೇ ಜೇಮ್ಸ್‌ನನ್ನು ಸೋಲಿಸಿದ ಪ್ರಾಟೆಸ್ಟೆಂಟ್ ರಾಜ. ಇವನ ಮನೆತನದ ಹೆಸರು ಆರೆಂಜ್. ಅದು ಫ್ರಾನ್ಸಿನ ದಕ್ಷಿಣದಲ್ಲಿರುವ ಒಂದು ಊರು, ಕಿತ್ತಳೆ ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಊರಿನ ಹೆಸರು ಬಣ್ಣವಾಯಿತು, ಬಣ್ಣ ಪಂಗಡವಾಯಿತು. 1795ರಲ್ಲಿ ಐರ್ಲೆಂಡಿನ ಅರ್ಮಾ ಜಿಲ್ಲೆಯಲ್ಲಿ ಆರೆಂಜ್ ಆರ್ಡರ್ ಎಂಬ ಪ್ರಾಟೆಸ್ಟೆಂಟರ ಸಂಘ ಹುಟ್ಟಿತು, ಈ ವಾಕ್ ಅವರದ್ದೇ. ಅಲ್ಲಿಂದ ಸೈನಿಕರ ಜೊತೆ, ಕೂಲಿಗಾರರ ಜೊತೆ ಸ್ಕಾಟ್ಲೆಂಡಿಗೂ ಬಂತು. ತಮಾಷೆ ಅಂದರೆ, ಆ ಯುದ್ಧದ ಕಾಲದಲ್ಲಿ ಜೇಮ್ಸ್‌ನ ಬೆನ್ನಿಗಿದ್ದದ್ದು ಫ್ರಾನ್ಸಿನ ರಾಜ, ಆ ರಾಜನಿಗೂ ಪೋಪ್‌ಗೂ ಎಣ್ಣೆ ಸೀಗೆಕಾಯಿ. ರಾಜಕೀಯದ ಲೆಕ್ಕದಲ್ಲಿ ಪೋಪ್ ವಿಲಿಯಂ ಕಡೆಗೇ ವಾಲಿದ್ದರು. ಇದನ್ನು ಮೆರವಣಿಗೆಯಲ್ಲಿ ಯಾರಿಗಾದರೂ ಹೇಳಿ ನೋಡಿ. ಬೇಡ, ಹೇಳಬೇಡಿ.

ಈಗ ಫುಟ್‌ಬಾಲಿಗೆ ಬರೋಣ. ಊರಿನ ಎರಡು ದೊಡ್ಡ ತಂಡಗಳಲ್ಲಿ ರೇಂಜರ್ಸ್ ಪ್ರಾಟೆಸ್ಟೆಂಟರದ್ದು, ಸೆಲ್ಟಿಕ್ ಕ್ಯಾಥೊಲಿಕರದ್ದು ಅಂತ ಇಲ್ಲಿನವರ ಲೆಕ್ಕ. ರೇಂಜರ್ಸ್ ತಂಡ ಹುಟ್ಟಿದ್ದು 1872ರಲ್ಲಿ. ನಾಲ್ಕು ಹುಡುಗರು ಪಾರ್ಕಿನಲ್ಲಿ ಸೇರಿ ಕಟ್ಟಿದ್ದು, ಧರ್ಮದ ಮಾತೇ ಇರಲಿಲ್ಲ. ಸೆಲ್ಟಿಕ್ ಹುಟ್ಟಿದ್ದು 1887ರಲ್ಲಿ, ಊರಿನ ಪೂರ್ವಭಾಗದ ಒಂದು ಚರ್ಚಿನ ಹಾಲ್‌ನಲ್ಲಿ. ಬ್ರದರ್ ವಾಲ್ಫ್ರಿಡ್ ಎಂಬ ಐರಿಷ್ ಸನ್ಯಾಸಿ ಬಡ ಮಕ್ಕಳ ಊಟಕ್ಕೆ ಹಣ ಕೂಡಿಸಲು ತಂಡ ಕಟ್ಟಿದರು. ಐರ್ಲೆಂಡಿನ ಬರಗಾಲದಿಂದ ಓಡಿಬಂದವರ ಮಕ್ಕಳು ಆ ಕೇರಿಗಳಲ್ಲಿ ಹಸಿದಿದ್ದರು. 1888ರ ಮೇ 28ರಂದು ಸೆಲ್ಟಿಕ್ ಆಡಿದ ಮೊದಲ ಪಂದ್ಯ ಯಾರ ಮೇಲೆ ಗೊತ್ತಾ? ರೇಂಜರ್ಸ್ ಮೇಲೆಯೇ. 5-2ರಲ್ಲಿ ಸೆಲ್ಟಿಕ್ ಗೆದ್ದಿತು. ಆಟ ಮುಗಿದ ಮೇಲೆ ಎರಡೂ ತಂಡಗಳು ಅದೇ ಚರ್ಚಿನ ಹಾಲ್‌ನಲ್ಲಿ ಒಟ್ಟಿಗೆ ಕೂತು ಊಟ ಮಾಡಿದವು.

ಹಾಗಾದರೆ ಹುಳಿ ಬಿದ್ದದ್ದು ಯಾವಾಗ? ನನಗೆ ಕಾಣುವ ಮಟ್ಟಿಗೆ, ಕೆಲಸದಲ್ಲಿ. ಕಡಿಮೆ ಕೂಲಿಗೆ ಬರುವ ಕ್ಯಾಥೊಲಿಕ್ ಐರಿಷರ ಮೇಲೆ ಊರಿನವರಿಗೆ ಮೊದಲೇ ಸಿಟ್ಟಿತ್ತು. 1912ರಲ್ಲಿ ಬೆಲ್‌ಫಾಸ್ಟಿನ ಹಾರ್ಲ್ಯಾಂಡ್ ಅಂಡ್ ವುಲ್ಫ್ ಕಂಪನಿ ಇದೇ ಊರಿನ ಗೋವನ್‌ನಲ್ಲಿ ಹಡಗುಕಟ್ಟೆ ಹಾಕಿತು, ಜೊತೆಗೆ ಬೆಲ್‌ಫಾಸ್ಟಿನ ಪ್ರಾಟೆಸ್ಟೆಂಟ್ ಕೆಲಸಗಾರರೂ ಬಂದರು. ರೇಂಜರ್ಸ್‌ನ ಐಬ್ರಾಕ್ಸ್ ಮೈದಾನ ಅಲ್ಲೇ ಪಕ್ಕದಲ್ಲಿ. 1923ರಲ್ಲಂತೂ ಇಲ್ಲಿನ ಪ್ರಾಟೆಸ್ಟೆಂಟರ ಚರ್ಚ್ ಆಫ್ ಸ್ಕಾಟ್ಲೆಂಡ್ ಸಭೆಯ ಮುಂದೆ ಐರಿಷ್ ಜನಾಂಗವೇ ಸ್ಕಾಟ್ಲೆಂಡಿಗೆ ಕಂಟಕ ಎನ್ನುವ ವರದಿ ಬಂತು. ಅದಕ್ಕೆ ಆ ಚರ್ಚ್ ವಿಷಾದ ಹೇಳಿದ್ದು 2002ರಲ್ಲಿ. ಹೊರಗಿನಿಂದ ಬಂದವರು ನಮ್ಮ ಕೆಲಸ ಕಿತ್ತುಕೊಂಡರು ಎಂಬ ಮಾತು ಬೆಂಗಳೂರಿನಲ್ಲಿ ಕೇಳಿ ಬೆಳೆದ ನನಗೆ ಇದು ಹೊಸದಾಗಿ ಕೇಳಲಿಲ್ಲ.

ರೇಂಜರ್ಸ್ ಹಲವು ದಶಕ ಗೊತ್ತಿದ್ದೂ ಕ್ಯಾಥೊಲಿಕ್ ಆಟಗಾರರನ್ನು ದೂರವಿಟ್ಟಿತು. ಬರೆದಿಟ್ಟ ನಿಯಮವಲ್ಲ, ಎಲ್ಲರಿಗೂ ಗೊತ್ತಿದ್ದ ನಿಯಮ. 1989ರಲ್ಲಿ ಮ್ಯಾನೇಜರ್ ಗ್ರೇಮ್ ಸೂನೆಸ್ ಅದನ್ನು ಮುರಿದರು. ಸೆಲ್ಟಿಕ್‌ಗೆ ಆಡಿದ್ದ, ಮತ್ತೆ ಸೆಲ್ಟಿಕ್‌ಗೇ ಹೋಗಲಿದ್ದ ಮೋ ಜಾನ್‌ಸ್ಟನ್‌ನನ್ನು ರೇಂಜರ್ಸ್‌ಗೆ ಕರೆತಂದರು. ಐಬ್ರಾಕ್ಸ್ ಮುಂದೆ ಕೆಲವರು ತಮ್ಮದೇ ತಂಡದ ಸ್ಕಾರ್ಫ್ ಸುಟ್ಟರು. ಅತ್ತ ಸೆಲ್ಟಿಕ್ ಕಡೆಯವರಿಗೆ ಅವನು ಯೇಸುವಿಗೆ ದ್ರೋಹ ಬಗೆದ ಜೂದಾಸ್. ಅದೇ ನವೆಂಬರಿನಲ್ಲಿ ಸೆಲ್ಟಿಕ್ ಮೇಲೆ ಅವನು ಗೆಲುವಿನ ಗೋಲು ಹೊಡೆದ. ಹತ್ತು ವರ್ಷದೊಳಗೆ ಇಟಲಿಯ ಕ್ಯಾಥೊಲಿಕ್ ಲೊರೆಂಝೊ ಅಮೊರುಸೊ ರೇಂಜರ್ಸ್ ನಾಯಕನಾದ. ಸೆಲ್ಟಿಕ್ ಹಾಗೆ ಬಾಗಿಲು ಹಾಕಿರಲಿಲ್ಲ ಅನ್ನುವುದನ್ನು ಹೇಳಲೇಬೇಕು. 1967ರಲ್ಲಿ ಅವರಿಗೆ ಯುರೋಪಿಯನ್ ಕಪ್ ಗೆದ್ದುಕೊಟ್ಟ ಮ್ಯಾನೇಜರ್ ಜಾಕ್ ಸ್ಟೀನ್ ಪ್ರಾಟೆಸ್ಟೆಂಟ್.

ಇಲ್ಲಿನ ಕಚೇರಿಯಲ್ಲಿ ಹೊಸಬರು ಸೇರಿದರೆ ಒಂದು ಪ್ರಶ್ನೆ ಮೆಲ್ಲಗೆ ಬರುತ್ತದೆ. ‘ನೀನು ಯಾವ ಶಾಲೆಯಲ್ಲಿ ಓದಿದ್ದು?’ ನಾನು ಮೊದಮೊದಲು ಓದಿನ ಬಗ್ಗೆ ಕುತೂಹಲ ಅಂದುಕೊಂಡಿದ್ದೆ. 1918ರ ಕಾನೂನಿನಿಂದ ಕ್ಯಾಥೊಲಿಕ್ ಶಾಲೆಗಳು ಸರ್ಕಾರದ ವ್ಯವಸ್ಥೆಯೊಳಗೇ ಬೇರೆಯಾಗಿ ಉಳಿದಿವೆ. ಶಾಲೆಯ ಹೆಸರಿನಲ್ಲಿ ಸಂತರಿದ್ದರೆ ಉತ್ತರ ಸಿಕ್ಕಿತು. ಆಮೇಲೆ ಅರ್ಥವಾಯಿತು, ಅರೆ, ಇದು ನಮ್ಮದೇ ಪ್ರಶ್ನೆ! ‘ನಿಮ್ಮ ಕಡೆ ಮನೆದೇವರು ಯಾವುದು?’ ‘ಪೂರ್ತಿ ಹೆಸರೇನು?’ ‘ನೀವು ಊಟಕ್ಕೆ ಹೇಗೆ?’ ಜಾತಿ ಅನ್ನುವ ಪದ ಬಾಯಿಗೆ ಬರದ ಹಾಗೆ ಜಾತಿ ತಿಳಿಯುವ ಕಲೆ ನಮಗಿದೆ. ಬಸ್ಸಿನಲ್ಲಿ ತುಮಕೂರು ದಾಟುವುದರೊಳಗೆ ಪಕ್ಕದ ಸೀಟಿನವರ ಕುಲಗೋತ್ರ ತಿಳಿದುಬಿಡುತ್ತದೆ. ಇವರಿಗೂ ಅದೇ ಕಲೆ. ಕ್ಯಾಥೊಲಿಕರಿಗೆ ‘ಎಡಗಾಲಲ್ಲಿ ಒದೆಯುವವನು’ ಎಂಬ ಅಡ್ಡಹೆಸರೂ ಇದೆ. ನನ್ನನ್ನು ಕೇಳಿದಾಗ ನಾನು ಓದಿದ ಸರ್ಕಾರಿ ಪ್ರಾಥಮಿಕ ಶಾಲೆಯ ಹೆಸರು ಹೇಳಿದೆ. ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಯಾವ ಡಬ್ಬಿಗೆ ಹಾಕುವುದು ತಿಳಿಯಲಿಲ್ಲ ಪಾಪ.

ಬಣ್ಣದ ಪಾಡೂ ಅಷ್ಟೇ. ಒಂದು ಆಗಸ್ಟ್ 15ಕ್ಕೆ ಕಿಟಕಿಯಲ್ಲಿ ಪುಟ್ಟ ತ್ರಿವರ್ಣ ಕಟ್ಟಿದ್ದೆ. ಎದುರು ಮನೆಯ ಅಜ್ಜ, ಐವತ್ತು ವರ್ಷದ ರೇಂಜರ್ಸ್ ಭಕ್ತ, ಎರಡು ದಿನ ಮಾತೇ ಆಡಲಿಲ್ಲ. ಮೂರನೇ ದಿನ ‘ನೀನೂ ಸೆಲ್ಟಿಕ್ಕಾ?’ ಅಂದ. ಗಾಳಿಗೆ ತಿರುಚಿಕೊಂಡ ನಮ್ಮ ಬಾವುಟ ಅವನ ಕಣ್ಣಿಗೆ ಐರ್ಲೆಂಡಿನ ಬಾವುಟ! ಸೆಲ್ಟಿಕ್ ಮೈದಾನದಲ್ಲಿ ಹಾರುವುದು ಅದೇ. ಹಸಿರು, ಬಿಳಿ, ಕೇಸರಿ. ಆ ಬಾವುಟದ ಕೇಸರಿ ನಿಂತಿರುವುದೇ ವಿಲಿಯಂನ ಕಡೆಯವರಿಗಾಗಿ, ನಡುವಿನ ಬಿಳಿ ಇಬ್ಬರ ಶಾಂತಿಗಾಗಿ. ಆರೆಂಜ್ ಅಂದರೆ ಉರಿದು ಬೀಳುವವರು ಪ್ರತಿ ವಾರ ಮೂರನೇ ಒಂದು ಪಾಲು ಆರೆಂಜ್ ಬೀಸುತ್ತಾರೆ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಸಂಗತಿ. 2022ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನ ಶೇಕಡ 51 ಮಂದಿ ತಮಗೆ ಯಾವ ಧರ್ಮವೂ ಇಲ್ಲ ಎಂದು ಬರೆಸಿದ್ದಾರೆ. ಎಷ್ಟೋ ಚರ್ಚುಗಳು ಮಾರಾಟವಾಗಿವೆ, ಕೆಲವು ಫ್ಲ್ಯಾಟ್ ಆಗಿವೆ, ಕೆಲವು ಪಬ್ ಆಗಿವೆ. ಆದರೆ ಸೆಲ್ಟಿಕ್ ಪಾರ್ಕಿನಲ್ಲಿ ಅರವತ್ತು ಸಾವಿರ, ಐಬ್ರಾಕ್ಸ್‌ನಲ್ಲಿ ಐವತ್ತು ಸಾವಿರ ಸೀಟು, ತುಂಬಿರುತ್ತವೆ. ಪೋಪ್‌ಗೆ ಬೈದು ಹಾಡುವ ಹುಡುಗ ಭಾನುವಾರ ಚರ್ಚಿಗೆ ಹೋಗುವವನಲ್ಲ. ಅವನಿಗೆ ಉತ್ತರವಾಗಿ ಐರಿಷ್ ಸಶಸ್ತ್ರ ಬಂಡುಕೋರರಾದ ಐಆರ್‌ಎ ಹಾಡು ಹೇಳುವವನು ಪಾಪನಿವೇದನೆ ಮಾಡಿ ವರ್ಷಗಳಾಗಿರುತ್ತವೆ. ದೇವರು ಜಾಗ ಖಾಲಿ ಮಾಡಿದ್ದಾನೆ, ಜಗಳ ಬಾಡಿಗೆ ಕಟ್ಟಿಕೊಂಡು ಅಲ್ಲೇ ಇದೆ. ಭಕ್ತಿ ಜಾಸ್ತಿಯಾಗಿ ಜಗಳ ಬರುತ್ತದೆ ಅಂತ ನಾನು ನಂಬಿದ್ದೆ. ಇಲ್ಲಿ ಬಂದ ಮೇಲೆ ಆ ನಂಬಿಕೆ ಹೋಯಿತು. ಊರಲ್ಲಿ ಡಿಜೆ ಮುಂದೆ ಕುಣಿಯುವ ನನ್ನ ಚಿಕ್ಕಪ್ಪನ ಮಗನಿಗೂ ಗಣಪತಿಯ ಒಂದು ಶ್ಲೋಕ ಬರುವುದಿಲ್ಲ. ‘ನಮ್ಮವರು ಎಷ್ಟು ಜನ ಸೇರಿದ್ದರು’ ಎಂಬ ಲೆಕ್ಕ ಮಾತ್ರ ಬಾಯಿಪಾಠ. ಅದಕ್ಕೇ ಸರ್ವಧರ್ಮ ಸಮ್ಮೇಳನ ಮಾಡಿ ಇದನ್ನು ಸರಿ ಮಾಡುತ್ತೇವೆ ಅನ್ನುವವರನ್ನು ಕಂಡರೆ ನನಗೆ ನಗು. ಜಗಳ ಧರ್ಮಗುರುಗಳದ್ದಾಗಿದ್ದರೆ ಅವರು ಕೈಕುಲುಕಿದಾಗಲೇ ಮುಗಿಯಬೇಕಿತ್ತು.

ಮೆರವಣಿಗೆಯ ಕಥೆಯೆಲ್ಲ ಇರುವುದು ದಾರಿಯಲ್ಲಿ. ಯಾರ ಬೀದಿಯಲ್ಲಿ ಹೋಗುತ್ತೀರಿ, ಯಾರ ಬಾಗಿಲ ಮುಂದೆ ಡೋಲು ಜೋರಾಗುತ್ತದೆ ಎನ್ನುವುದು. ಇಲ್ಲಿ ಮೆರವಣಿಗೆಗೆ ನಗರಸಭೆಗೆ 28 ದಿನ ಮೊದಲೇ ತಿಳಿಸಬೇಕು. ಆದರೂ 2018ರ ಜುಲೈನಲ್ಲಿ ಲಂಡನ್ ರೋಡಿನ ಸೇಂಟ್ ಅಲ್ಫಾನ್ಸಸ್ ಚರ್ಚಿನ ಮುಂದೆ ವಾಕ್ ಹೋಗುವಾಗ ಅಲ್ಲಿನ ಪಾದ್ರಿಯ ಮೇಲೆ ಉಗುಳಿದರು. ಉಗುಳಿದವನೊಬ್ಬ ಜೈಲಿಗೆ ಹೋದ. 2019ರಲ್ಲಿ ಗೋವನ್‌ನಲ್ಲಿ ಐರಿಷ್ ಪರ ಮೆರವಣಿಗೆಗೆ ಎದುರು ಗುಂಪು ಅಡ್ಡ ನಿಂತು ಗಲಭೆಯಾಯಿತು. ಆ ಕಡೆಯ ಬ್ಯಾಂಡಿನಲ್ಲೂ ಇದೇ ಕೊಳಲು, ಇದೇ ಡೋಲು. ಬಟ್ಟೆ ಬದಲಾಯಿಸಿದರೆ ಗುರುತು ಹಿಡಿಯುವುದು ಕಷ್ಟ. ನಮ್ಮಲ್ಲಿ 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದ ಗಣೇಶ ಮೆರವಣಿಗೆ ವೇಳೆ ಕಲ್ಲು ಬಿದ್ದು ಅಂಗಡಿಗಳು ಉರಿದ ಸುದ್ದಿಯನ್ನು ನಾನು ಇಲ್ಲಿ ಕೂತು ಫೋನಿನಲ್ಲಿ ನೋಡಿದೆ. ಆದರೆ ಬೆಂಗಳೂರು ಕರಗವನ್ನೂ ಬಾಲ್ಯದಿಂದ ನೋಡಿದ್ದೇನೆ. ರಾತ್ರಿಯೆಲ್ಲ ಸುತ್ತುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗದೆ ಮುಂದೆ ಹೋಗುವುದಿಲ್ಲ. ಅದನ್ನು ಇಲ್ಲಿನ ಸ್ನೇಹಿತರಿಗೆ ಹೇಳಿದೆ. ಆರೆಂಜ್ ವಾಕ್ ಕ್ಯಾಥೊಲಿಕ್ ಚರ್ಚಿನೊಳಗೆ ಹೋಗಿ ಕೈಮುಗಿದು ಬರುವುದನ್ನು ಊಹಿಸಿಕೊಳ್ಳಲು ಅವರಿಗೆ ಆಗಲೇ ಇಲ್ಲ.

ಹಾಗಂತ ನಾವು ಬೀಗುವ ಹಾಗೇನೂ ಇಲ್ಲ. ಬಾಂಬೆಯಲ್ಲಿ ಹಿಂದೂಗಳು, ಪಾರ್ಸಿಗಳು, ಮುಸ್ಲಿಮರು, ಯುರೋಪಿಯನ್ನರು ಅಂತ ಧರ್ಮಕ್ಕೊಂದು ತಂಡ ಕಟ್ಟಿ ಕ್ರಿಕೆಟ್ ಆಡಿಸುತ್ತಿದ್ದರು. ಅದು ನಿಂತದ್ದು 1946ರಲ್ಲಿ. ಹಿಂದೂ ತಂಡದ ದೊಡ್ಡ ಬೌಲರ್ ಪಾಲ್ವಂಕರ್ ಬಾಲೂ ನಮ್ಮ ಧಾರವಾಡದಲ್ಲಿ ಹುಟ್ಟಿದವರು, ದಲಿತರು. ಮೈದಾನದಲ್ಲಿ ಅವರ ಕೈಯಿಂದ ವಿಕೆಟ್ ಬೇಕು, ಟೀ ಹೊತ್ತಿನಲ್ಲಿ ಮಾತ್ರ ಅವರಿಗೆ ಹೊರಗೆ ಬೇರೆ ಮಣ್ಣಿನ ಕುಡಿಕೆ. ಧರ್ಮದ ಹೆಸರಿನ ತಂಡದೊಳಗೇ ಇನ್ನೊಂದು ಗೋಡೆ. ಗ್ಲಾಸ್ಗೋದವರಿಗೆ ಎರಡೇ ಡಬ್ಬಿ. ಡಬ್ಬಿಯೊಳಗೆ ಡಬ್ಬಿ ಇಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಸರ್ಕಾರ ಇಲ್ಲಿ ಕೈಕಟ್ಟಿ ಕೂತಿಲ್ಲ. 1980ರ ಕಪ್ ಫೈನಲ್ ಮುಗಿದ ಮೇಲೆ ಎರಡೂ ಕಡೆಯವರು ಮೈದಾನಕ್ಕೇ ನುಗ್ಗಿ ಹೊಡೆದಾಡಿದರು, ಆಮೇಲೆ ಮೈದಾನಗಳಲ್ಲಿ ಮದ್ಯ ನಿಷೇಧವಾಯಿತು. 2011ರಲ್ಲಿ ಸೆಲ್ಟಿಕ್ ಮ್ಯಾನೇಜರ್ ನೀಲ್ ಲೆನನ್‌ಗೆ ಅಂಚೆಯಲ್ಲಿ ಗುಂಡು ಬಂತು, ಬಾಂಬಿನ ಪೊಟ್ಟಣವೂ ಬಂತು. 2012ರಲ್ಲಿ ಮೈದಾನದ ಹಾಡು, ಘೋಷಣೆಗಳ ಮೇಲೆ ಹೊಸ ಕಾನೂನು ತಂದರು. 2018ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಯಾವ ಹಾಡು ಭಕ್ತಿ, ಯಾವುದು ಇತಿಹಾಸ, ಯಾವುದು ದ್ವೇಷ ಅಂತ ಪೊಲೀಸ್ ಪೇದೆ ಗ್ಯಾಲರಿಯಲ್ಲಿ ನಿಂತು ಹೇಳಬೇಕು ಅಂದರೆ ಹೇಗೆ?

ಬುದ್ಧಿವಂತಿಕೆ ಕಂಡದ್ದು ವ್ಯಾಪಾರಿಗಳಲ್ಲಿ. 1984ರಲ್ಲಿ ಸಿ.ಆರ್. ಸ್ಮಿತ್ ಎಂಬ ಕಿಟಕಿ ಗಾಜಿನ ಕಂಪನಿ ಎರಡೂ ತಂಡಗಳ ಅಂಗಿ ಮೇಲೆ ಒಟ್ಟಿಗೆ ಹೆಸರು ಹಾಕಿಸಿತು. ಒಂದೇ ತಂಡಕ್ಕೆ ದುಡ್ಡು ಕೊಟ್ಟರೆ ಅರ್ಧ ಊರು ಕಿಟಕಿ ಕೊಳ್ಳುವುದಿಲ್ಲ ಅಲ್ವಾ! ಆಮೇಲೆ ಬಂದ ಬಿಯರ್ ಕಂಪನಿಗಳೂ ಹಾಗೇ ಮಾಡಿದವು. ಈ ಜೋಡಿಗೆ ‘ಓಲ್ಡ್ ಫರ್ಮ್’, ಅಂದರೆ ಹಳೇ ಪಾಲುದಾರರು ಎಂಬ ಹೆಸರು ಬಂದು ನೂರು ವರ್ಷ ದಾಟಿದೆ. ಜಗಳದಿಂದ ಇಬ್ಬರಿಗೂ ಗಲ್ಲಾಪೆಟ್ಟಿಗೆ ತುಂಬುತ್ತದೆ ಅನ್ನುವ ಕುಹಕ ಆ ಹೆಸರಿನಲ್ಲಿದೆ. 1909ರ ಕಪ್ ಫೈನಲ್ ಎರಡನೇ ಸಲವೂ ಸಮವಾಗಿ, ಹೆಚ್ಚುವರಿ ಸಮಯ ಆಡಿಸದೆ ಮುಗಿಸಿದಾಗ ಎರಡೂ ಕಡೆಯ ಜನ ಒಂದಾಗಿ ಟಿಕೆಟ್ ಕಟ್ಟೆಗಳಿಗೆ ಬೆಂಕಿಯಿಟ್ಟರಂತೆ. ಮತ್ತೆ ಟಿಕೆಟ್ ಮಾರುವ ಆಸೆಗೆ ಹೀಗೆ ಮಾಡುತ್ತಿದ್ದಾರೆ ಅಂತ ಅವರ ಗುಮಾನಿ. ಜೇಬಿನ ವಿಷಯದಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎರಡೂ ಒಂದೇ.

ನಾನು? ಫರ್‌ಹಿಲ್‌ನಲ್ಲಿ ಆಡುವ ಪಾರ್ಟಿಕ್ ಥಿಸಲ್ ತಂಡದ ಕಡೆ. ಗೆಲ್ಲುವ ಆಸೆ ಇಲ್ಲದವರ ಧರ್ಮ ಅದು. ಯಾರಾದರೂ ಯಾವ ಟೀಮು ಅಂತ ಕೇಳಿದರೆ ‘ಥಿಸಲ್’ ಎನ್ನುತ್ತೇನೆ, ಅವರು ಕನಿಕರದಿಂದ ಬೆನ್ನು ತಟ್ಟುತ್ತಾರೆ, ಮಾತು ಹವಾಮಾನಕ್ಕೆ ತಿರುಗುತ್ತದೆ.

ಎದುರು ಮನೆಯ ಅಜ್ಜ ಈಗ ಸ್ನೇಹಿತ. ಅವನ ಮಗಳು ಮದುವೆಯಾಗಿದ್ದು ಸೆಲ್ಟಿಕ್ ಮನೆಗೆ, ಮೊಮ್ಮಗ ಸಂತರ ಹೆಸರಿನ ಶಾಲೆಗೆ ಹೋಗುತ್ತಾನೆ. ಪಂದ್ಯದ ದಿನ ಮಗಳ ಮನೆ ಕಡೆ ಅವನು ತಲೆ ಹಾಕುವುದಿಲ್ಲ, ಅಷ್ಟೇ. ಕಳೆದ ದೀಪಾವಳಿಗೆ ಹೆಂಡತಿ ಅವನಿಗೆ ಚಕ್ಕುಲಿ ಕೊಡಲು ಹೋಗಿದ್ದಳು, ನಾನೂ ಹಿಂದೆ ಇದ್ದೆ. ಅವಳು ಉಟ್ಟಿದ್ದು ಅಮ್ಮ ಕೊಟ್ಟ ರೇಷ್ಮೆ ಸೀರೆ, ಹಸಿರು ಒಡಲು, ಕೇಸರಿ ಅಂಚು. ಅಜ್ಜ ಬಾಗಿಲಲ್ಲೇ ನಿಂತು ಮೇಲಿಂದ ಕೆಳಗೆ ನೋಡಿದ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ.

‘ಇದರಲ್ಲಿ ಯಾರು ಗೆದ್ದರು?’ ಅಂದ.

‘ಮೊಳಕಾಲ್ಮೂರು’ ಅಂದಳು ಹೆಂಡತಿ.