ಕಡಲ ಬಂಡೆಯ ಗಾಲ್ಫ್ ಮತ್ತು ನಮ್ಮ ಗೋಮಾಳ

ನಂದಿಬೆಟ್ಟದ ತಪ್ಪಲಿನ ರಸ್ತೆಗಳಲ್ಲಿ ಓಡಾಡುವವರಿಗೆ, ಗಾಲ್ಫ್ ಮೈದಾನದ ಚಿತ್ರ ಹಾಕಿ ನಿವೇಶನ ಮಾರುವ ಫಲಕಗಳು ಹೊಸದಲ್ಲ. ಆ ಚಿತ್ರಗಳಲ್ಲೆಲ್ಲ ಒಂದೇ ಬಗೆಯ ಗಾಢ ಹಸಿರು ಹುಲ್ಲು, ನಡುವೆ ಒಂದು ಕೊಳ, ದೂರದಲ್ಲಿ ಬೆಟ್ಟದ ಸಾಲು. ಕೆಜಿಎಫ್‌ನ ಗಣಿ ಕಾಲದ ಕೆಂಪುಮಣ್ಣಿನ ಮೈದಾನದಲ್ಲಿ ಈ ಆಟ ಕಲಿತು, ನಿವೃತ್ತಿಯ ನಂತರವೂ ಬಿಡದಿರುವ ನನಗೆ ಗಾಲ್ಫಿನ ಮೇಲೆ ಯಾವ ಮುನಿಸೂ ಇಲ್ಲ. ಆದರೆ ಐರ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗ ಕಡಲಂಚಿನ ಬಂಡೆಯ ಮೇಲೆ ಆಡಿ ಬಂದ ಮೇಲೆ, ನಮ್ಮ ಬಯಲುಸೀಮೆಗೆ ಈ ಆಟ ಬರುವಾಗ ಬೇಡದ್ದೆಲ್ಲ ಬಂದು ಬೇಕಾದದ್ದು ಅಲ್ಲಿಯೇ ಉಳಿಯಿತು ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ.

ನಾನು ಆಡಿದ್ದು ಕಾರ್ಕ್ ಕೌಂಟಿಯ ಕಿನ್ಸೇಲ್ ಪಟ್ಟಣದ ದಕ್ಷಿಣಕ್ಕೆ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಓಲ್ಡ್ ಹೆಡ್ ಎಂಬ ಭೂಶಿರದಲ್ಲಿ. ಸುಮಾರು 220 ಎಕರೆಯ ಈ ಮೈದಾನ ಆರಂಭವಾದದ್ದು 1997ರಲ್ಲಿ. ಬಂಡೆಯ ಅಂಚು ಸಮುದ್ರಮಟ್ಟದಿಂದ ಸುಮಾರು 300 ಅಡಿ ಎತ್ತರದಲ್ಲಿದೆ. ನಂದಿಬೆಟ್ಟದ ಟಿಪ್ಪು ಡ್ರಾಪಿನ ಅಂಚಿನಲ್ಲಿ ನಿಂತು ಕೆಳಗೆ ನೋಡಿದವರಿಗೆ ಈ ಎತ್ತರ ಅಷ್ಟೇನೂ ದಿಗಿಲು ಹುಟ್ಟಿಸದು. ದಿಗಿಲು ಹುಟ್ಟಿಸುವುದು ಗಾಳಿ. ಒಂದೇ ದೂರಕ್ಕೆ ಗಾಳಿಯ ಎದುರು ದೂರ ಹೊಡೆಯುವ ನಾಲ್ಕನೇ ಐರನ್ ಕೋಲು ಬೇಕಾದರೆ, ಗಾಳಿ ಬೆನ್ನಿಗಿರುವಾಗ ಕಡಿಮೆ ದೂರದ ಒಂಬತ್ತನೆಯದೇ ಹೆಚ್ಚಾಗುತ್ತದೆ. ಚೆಂಡನ್ನು ನೇರವಾಗಿ ಸಮುದ್ರದ ಮೇಲಕ್ಕೆ ಗುರಿಯಿಟ್ಟು ಹೊಡೆಯಿರಿ, ಗಾಳಿಯೇ ಅದನ್ನು ಆಟದ ಹುಲ್ಲುಹಾದಿಯಾದ ಫೇರ್‌ವೇಗೆ ತಂದು ಹಾಕುತ್ತದೆ ಎಂದು ಕೋಲಿನ ಚೀಲ ಹೊರುವ ಕ್ಯಾಡಿ ಹೇಳಿದಾಗ, ಬುದ್ಧಿ ಒಪ್ಪಿದರೂ ಕೈ ಒಪ್ಪುವುದಿಲ್ಲ. 1915ರಲ್ಲಿ ಲೂಸಿಟಾನಿಯ ಹಡಗು ಮುಳುಗಿ ಸುಮಾರು 1,200 ಜನ ಸತ್ತದ್ದು ಇದೇ ಭೂಶಿರದಿಂದ ಕೆಲವೇ ಮೈಲಿ ಆಚೆ. ಆ ನೀರಿನತ್ತ ಚೆಂಡು ಹೊಡೆಯುವಾಗ ಒಂದು ಬಗೆಯ ಮುಜುಗರವೂ ಆಗದಿರದು. ಕ್ಯಾಲಿಫೋರ್ನಿಯದ ಕಡಲಂಚಿನ ಪೆಬಲ್ ಬೀಚ್ ಮೈದಾನದ ಏಳನೇ ಹೋಲ್, ಅಂದರೆ ಏಳನೇ ಗುಳಿಯವರೆಗಿನ ಹಾದಿ, ಕೇವಲ ನೂರು ಗಜ ಚಿಲ್ಲರೆ ಉದ್ದವಿದ್ದರೂ ಜಗತ್ತಿನ ವೃತ್ತಿಪರ ಆಟಗಾರರನ್ನು ಏಕೆ ಕಾಡುತ್ತದೆ ಎಂಬುದು ನನಗೆ ಅರ್ಥವಾದದ್ದು ಓಲ್ಡ್ ಹೆಡ್‌ನಲ್ಲಿ.

ಆದರೂ ಬಂಡೆಯ ಮೇಲಿನ ಇಂಥ ಮೈದಾನಗಳನ್ನು ಸಂಪ್ರದಾಯಸ್ಥರು ನಿಜವಾದ ಲಿಂಕ್ಸ್ ಎಂದು ಒಪ್ಪುವುದಿಲ್ಲ, ನಾನೂ ಅವರ ಪಕ್ಷ. ಕಡಲಿಗೂ ಉಳುವ ಹೊಲಕ್ಕೂ ನಡುವೆ, ಬೇಸಾಯಕ್ಕೆ ಬಾರದೆ ಉಳಿದ ಮರಳುದಿಬ್ಬಗಳ ನೆಲವೇ ಲಿಂಕ್ಸ್. ಅಲ್ಲಿ ಮಳೆನೀರು ನಿಲ್ಲುವುದಿಲ್ಲ, ಮರ ಬೆಳೆಯುವುದಿಲ್ಲ, ಕುರಿ ಮೇಯ್ದು ಗಿಡ್ಡವಾದ ಒರಟು ಹುಲ್ಲು ಮಾತ್ರ ಇರುತ್ತದೆ. ಬೇಸಿಗೆಯಲ್ಲಿ ಆ ಹುಲ್ಲು ಕಂದು ಬಣ್ಣಕ್ಕೆ ತಿರುಗಿದರೆ ಯಾರೂ ಕೈಕೈ ಹಿಸುಕಿಕೊಳ್ಳುವುದಿಲ್ಲ. ನೆಲ ಗಟ್ಟಿಯಾಗಿ ಚೆಂಡು ಬಹುದೂರ ಉರುಳುತ್ತದೆಂದು ಆಟದ ಲೆಕ್ಕಾಚಾರವನ್ನೇ ಬದಲಿಸಿಕೊಳ್ಳುತ್ತಾರೆ. 2006ರ ಓಪನ್ ಚಾಂಪಿಯನ್‌ಶಿಪ್ ನಡೆದಾಗ ಇಂಗ್ಲೆಂಡಿನ ಹೊಯ್‌ಲೇಕ್ ಮೈದಾನ ಒಣಗಿ ಹೊಂಬಣ್ಣವಾಗಿತ್ತು. ಅಲ್ಲಿ ಗೆದ್ದ ಟೈಗರ್ ವುಡ್ಸ್ ನಾಲ್ಕು ದಿನಗಳ ಆಟದಲ್ಲಿ ಅತಿ ದೂರ ಹೊಡೆಯುವ ಡ್ರೈವರ್ ಕೋಲನ್ನು ಹಿಡಿದದ್ದು ಒಂದೇ ಒಂದು ಸಲ. ಹಸಿರಿಲ್ಲದಿದ್ದರೆ ಗಾಲ್ಫ್ ಇಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಇನ್ನು ಮಳೆಯ ವಿಷಯ. ಕೋಲಾರದ ವಾರ್ಷಿಕ ಸರಾಸರಿ ಮಳೆ 700 ಮಿಲಿಮೀಟರಿಗೆ ತುಸು ಮೇಲೆ. ಗಾಲ್ಫಿನ ತವರೆನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಸುರಿಯುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅಲ್ಲಿ ತಂಪು ಹವೆಯಲ್ಲಿ ವರ್ಷವಿಡೀ ಹನಿಯುವ ಮಳೆ ನಮ್ಮಲ್ಲಿ ಕೆಲವೇ ತಿಂಗಳುಗಳಲ್ಲಿ ಸುರಿದು, ಉಳಿದ ದಿನಗಳ ಬಿಸಿಲಿಗೆ ಆವಿಯಾಗುತ್ತದೆ. ಇಂಥ ಹವೆಯಲ್ಲಿ ಹದಿನೆಂಟು ಹೋಲುಗಳ ಮೈದಾನವನ್ನು ವರ್ಷಪೂರ್ತಿ ಹಸಿರಾಗಿಡಲು ದಿನಕ್ಕೆ ಹತ್ತು ಲಕ್ಷ ಲೀಟರ್ ನೀರೂ ಸಾಲದೆ ಹೋಗಬಹುದು. ಜೀವನದಿಯೊಂದೂ ಇಲ್ಲದ, ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ಧೂಳು ಬರುವ ಜಿಲ್ಲೆಗಳು ನಮ್ಮ ಕೋಲಾರ, ಚಿಕ್ಕಬಳ್ಳಾಪುರ. ಸಂಸ್ಕರಿಸಿದ ನೀರನ್ನೇ ಬಳಸುತ್ತೇವೆ ಎಂಬ ಸಮಜಾಯಿಷಿಯೂ ಕೇಳಿಬರುತ್ತದೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ನೀರಿನ ಗುಣಮಟ್ಟದ ಬಗ್ಗೆಯೇ ರೈತರು ಇನ್ನೂ ಪ್ರಶ್ನೆ ಎತ್ತುತ್ತಿದ್ದಾರೆ. ಆ ನೀರಿನ ಶುದ್ಧಿಗೆ ಇನ್ನಷ್ಟು ಹಣ ಸುರಿಯುವ ಶಕ್ತಿ ಯಾರಿಗಾದರೂ ಇದ್ದರೆ, ಅದರ ಫಲ ಮೊದಲು ಸಲ್ಲಬೇಕಾದದ್ದು ಟೊಮೆಟೊ, ಹಿಪ್ಪುನೇರಳೆ ಬೆಳೆಯುವವರ ಅಂತರ್ಜಲಕ್ಕೆ.

ನೀರಿಗಿಂತ ನನ್ನನ್ನು ಹೆಚ್ಚು ಕಾಡುವುದು ಬೇಲಿ. ಸೇಂಟ್ ಆಂಡ್ರೂಸ್‌ನ ಲಿಂಕ್ಸ್ ಮೂಲತಃ ಊರ ಗೋಮಾಳ. ಅಲ್ಲಿ ಆಡುವ, ದನಕುರಿ ಮೇಯಿಸುವ ಊರವರ ಹಕ್ಕನ್ನು 1552ರಷ್ಟು ಹಿಂದೆಯೇ ಆರ್ಚ್‌ಬಿಷಪ್ ಬರೆದುಕೊಟ್ಟಿದ್ದರು. ಇಂದಿಗೂ ಭಾನುವಾರ ಅಲ್ಲಿನ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟವಿರುವುದಿಲ್ಲ. ಊರಿನವರು ನಾಯಿಗಳೊಂದಿಗೆ, ಮಕ್ಕಳೊಂದಿಗೆ ಫೇರ್‌ವೇಗಳ ಮೇಲೆ ಅಡ್ಡಾಡುತ್ತಾರೆ. ಓಲ್ಡ್ ಹೆಡ್‌ನ ಕತೆ ಇದಕ್ಕೆ ತದ್ವಿರುದ್ಧ. ತಲೆಮಾರುಗಳಿಂದ ಜನ ನಡೆದು ಬರುತ್ತಿದ್ದ ಬಂಡೆ ಅದು. ಸಾರ್ವಜನಿಕರ ಪ್ರವೇಶಕ್ಕಾಗಿ ಯೋಜನಾ ಪ್ರಾಧಿಕಾರ ವಿಧಿಸಿದ್ದ ಷರತ್ತುಗಳು 2003ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದವು. ಇಂದು ಅಲ್ಲಿನ ದೀಪಸ್ತಂಭದ ತನಕ ಹೋಗಬೇಕೆನ್ನುವವನು 300 ಯೂರೋ ಮೀರಿದ ಶುಲ್ಕ ಕಟ್ಟಿ ಆಡುವವನಾಗಿರಬೇಕು. ಮಗಳು ಕಾಣಿಕೆಯಾಗಿ ಕಟ್ಟಿದ್ದರಿಂದ ನಾನು ಒಳಗೆ ಹೋದೆ. ಆ ನೋಟ ಅಪೂರ್ವವೆಂಬುದೂ ನಿಜ, ಅದನ್ನು ಗೇಟು ಹಾಕಿ ಮಾರುವುದು ಅನ್ಯಾಯವೆಂಬುದೂ ನಿಜ. ನಮ್ಮಲ್ಲಿಯೂ ಬೆಟ್ಟದ ನೋಟವನ್ನೇ ಬೆಲೆಪಟ್ಟಿಗೆ ಸೇರಿಸುವ ಬಡಾವಣೆಗಳು ಕಾಂಪೌಂಡ್ ಎಬ್ಬಿಸಿದಾಗ, ಕುರಿ ಹೊಡೆದುಕೊಂಡು ಹೋಗುವ ಕಾಲುದಾರಿಗಳ ಗತಿ ಏನಾಗುತ್ತದೆ ಎಂಬುದನ್ನು ಆ ಭಾಗದ ಹಳ್ಳಿಗಳಲ್ಲಿ ಕೇಳಿದರೆ ಸಾಕು.

ಈ ಎರಡು ಜಿಲ್ಲೆಗಳಲ್ಲಿ ಗಾಲ್ಫ್ ಬೆಳೆಯಲೇಬೇಕೆಂದರೆ ಅದು ಒಣಭೂಮಿಯ ಗಾಲ್ಫ್ ಆಗಲಿ. ಬ್ರಿಟಿಷರ ಕಾಲದಲ್ಲಿ ಈ ದೇಶದ ಎಷ್ಟೋ ಒಣ ಊರುಗಳ ಕ್ಲಬ್ಬುಗಳು ಗುಳಿಯ ಸುತ್ತಲಿನ ಹುಲ್ಲಿನ ಗ್ರೀನಿಗೆ ಬದಲು ಮರಳು ಹಾಸಿ ಬ್ರೌನ್ ಎಂದು ಕರೆದು ಆಡಿದ್ದುಂಟು. ಆ ಪದ್ಧತಿಯನ್ನು ಮತ್ತೆ ತರಲು ಅಡ್ಡಿಯೇನಿಲ್ಲ. ಫೇರ್‌ವೇಗೆ ಗರಿಕೆಯಂಥ ನಾಡಹುಲ್ಲು ಸಾಕು, ಮಳೆಗಾಲದಲ್ಲಿ ತಾನಾಗಿ ಚಿಗುರಲಿ, ಬೇಸಿಗೆಯಲ್ಲಿ ತಾನಾಗಿ ಒಣಗಲಿ. ಪಂಚಾಯಿತಿಯೊಡನೆ ಲಿಖಿತ ಒಪ್ಪಂದ ಮಾಡಿಕೊಂಡು ವಾರಕ್ಕೊಂದು ದಿನ ಆಟ ನಿಲ್ಲಿಸಿ ಊರವರಿಗೂ ದನಕರುಗಳಿಗೂ ಮೈದಾನ ಬಿಟ್ಟುಕೊಡುವ ಕ್ಲಬ್ ಒಂದು ಬಂದರೆ, ಸದಸ್ಯತ್ವದ ಅರ್ಜಿ ಹಾಕುವವರಲ್ಲಿ ನಾನೇ ಮೊದಲಿಗ.