ಟೊಪ್ಪಿಯ ಮೇಲೆ ಕಾಗೆ

ಘಟ್ಟ ಇಳಿದು ಕುಮಟೆಗೆ ಹೋಗುವ ದಾರಿಯ ಒಂದು ತಿರುವಿನಲ್ಲಿ ಒಬ್ಬ ಪೊಲೀಸಪ್ಪ ನಿಂತಿದ್ದ. ಇಂಥವನನ್ನು ನೀವೂ ನಿಮ್ಮ ಕಡೆ ನೋಡಿರುತ್ತೀರಿ. ತಗಡಿನವನು. ಒಂದು ಕೈ ಎತ್ತಿ ‘ನಿಧಾನ’ ಅನ್ನುತ್ತಾನೆ. ಮೊದಲ ಸಲ ನಮ್ಮ ಜೀಪಿನ ಡ್ರೈವರ್ ಅವನನ್ನು ಕಂಡು ಬ್ರೇಕ್ ಒತ್ತಿದ, ಸೀಟ್ ಬೆಲ್ಟ್ ಎಳೆದುಕೊಂಡ, ಎದುರಿಂದ ಬರುವವರಿಗೆಲ್ಲ ಲೈಟ್ ಹೊಡೆದು ‘ಮುಂದೆ ಇದ್ದಾರೆ’ ಅಂತ ಸುದ್ದಿಯನ್ನೂ ಮುಟ್ಟಿಸಿದ. ಎರಡನೇ ವಾರಕ್ಕೆ ಬ್ರೇಕ್ ಇಲ್ಲ, ಬೆಲ್ಟೂ ಇಲ್ಲ. ತಿಂಗಳು ಕಳೆದು ನೋಡುತ್ತೇನೆ, ಟೊಪ್ಪಿಯ ಮೇಲೆ ಕಾಗೆ ಕೂತಿದೆ. ಹೆಗಲ ಮೇಲೆ ಇಲಾಖೆ ಕೊಟ್ಟಿದ್ದು ಒಂದು ನಕ್ಷತ್ರ. ಕಾಗೆ ಬಿಳಿ ಬಣ್ಣದಲ್ಲಿ ಇನ್ನೊಂದು ಕೊಟ್ಟು ಪ್ರಮೋಶನ್ ಮಾಡಿತ್ತು.

ಇದು ಹೊಸ ಯೋಚನೆ ಏನಲ್ಲ. ಬೆಂಗಳೂರಿನಲ್ಲಿ 2019ರಲ್ಲೇ ಬಟ್ಟೆ ಅಂಗಡಿಯ ಗೊಂಬೆಗಳಿಗೆ ಟ್ರಾಫಿಕ್ ಪೊಲೀಸರ ಯೂನಿಫಾರ್ಮ್ ತೊಡಿಸಿ ರಸ್ತೆಗೆ ಇಳಿಸಿದ್ದರು. ಅದಕ್ಕೂ ಮೊದಲಿನಿಂದ, ಅಂದರೆ ಮನುಷ್ಯ ಗದ್ದೆ ಮಾಡಿದ ಕಾಲದಿಂದ, ನಮ್ಮಲ್ಲಿ ಬೆರ್ಚಪ್ಪ ಇದ್ದೇ ಇದ್ದಾನೆ. ಪುಸ್ತಕದವರು ಬೆದರುಗೊಂಬೆ ಅನ್ನುತ್ತಾರೆ. ನಾವು ಹೆಸರಿಗೆ ಒಂದು ‘ಅಪ್ಪ’ ಸೇರಿಸಿ ಮರ್ಯಾದೆ ಕೊಟ್ಟಿದ್ದೇವೆ. ಕೊಡಬೇಕಾದ್ದೇ. ಸಂಬಳ ಕೇಳುವುದಿಲ್ಲ, ತುಟ್ಟಿಭತ್ಯೆ ಕೇಳುವುದಿಲ್ಲ, ಮೊಬೈಲ್ ನೋಡುತ್ತಾ ಕೂರುವುದಿಲ್ಲ. ‘ಸಾಹೇಬ್ರು ಮೀಟಿಂಗ್‌ಗೆ ಹೋಗಿದಾರೆ, ನಾಳೆ ಬನ್ನಿ’ ಅಂದದ್ದೇ ಇಲ್ಲ. ಯಾವಾಗ ಹೋದರೂ ಜಾಗದಲ್ಲೇ ಇರುತ್ತಾನೆ. ಇಂಥ ನೌಕರನನ್ನು ಕಂಡರೆ ಸರ್ಕಾರಕ್ಕೆ ಪ್ರೀತಿ ಬಾರದೆ ಇರುತ್ತದೆಯೇ?

ಸಂಸ್ಕೃತದಲ್ಲಿ ಬೆರ್ಚಪ್ಪನಿಗೆ ‘ಚಂಚಾ’ ಅನ್ನುತ್ತಾರೆ. ಪಾಣಿನಿಯ ವ್ಯಾಕರಣದಲ್ಲಿ ಇವನಿಗೂ ಕೆಲಸ ಸಿಕ್ಕಿದೆ. ಯಾವುದಾದರೂ ವಸ್ತು ಇನ್ನೊಂದರ ಹಾಗೆ ಇದ್ದರೆ ‘ಅದರಂಥದ್ದು’ ಎಂದು ಹೇಳಲು ಒಂದು ಪ್ರತ್ಯಯ ಹಚ್ಚಬೇಕು. ಮನುಷ್ಯನ ವಿಷಯ ಬಂದಾಗ ಮಾತ್ರ ಆ ಪ್ರತ್ಯಯ ಲೋಪ. ಅದಕ್ಕೆ ಪಾಣಿನಿಯ ಸೂತ್ರಗಳ ಹಳೆಯ ವ್ಯಾಖ್ಯಾನವಾದ ಕಾಶಿಕಾ ವೃತ್ತಿ ಕೊಡುವ ಉದಾಹರಣೆಯೇ ಚಂಚಾ. ಅಂದರೆ ನಿಷ್ಪ್ರಯೋಜಕ ಮನುಷ್ಯನನ್ನು ‘ಬೆರ್ಚಪ್ಪನಂಥವನು’ ಎಂದು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ಸೀದಾ ಬೆರ್ಚಪ್ಪ ಅಂದರೆ ಸಾಕು. ವ್ಯಾಕರಣದಿಂದ ಇಷ್ಟು ಸಮಾಧಾನ ನನಗೆ ಶಾಲೆಯಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

ಆ ಕಾಗೆಯನ್ನು ನೋಡಿದಾಗ ನೆನಪಾದದ್ದು ಮಾತ್ರ ಶೇಕ್ಸ್‌ಪಿಯರ್. ‘ಮೆಷರ್ ಫಾರ್ ಮೆಷರ್’ ನಾಟಕದಲ್ಲಿ ಆಂಜೆಲೊ ಎಂಬ ಅಧಿಕಾರಿ ಇದ್ದಾನೆ. ಭಾರೀ ಕಟ್ಟುನಿಟ್ಟು. ಕಾನೂನನ್ನು ಬೆರ್ಚಪ್ಪ ಮಾಡಬಾರದು, ಒಂದೇ ಭಂಗಿಯಲ್ಲಿ ನಿಲ್ಲಿಸಿಟ್ಟರೆ ಹಕ್ಕಿಗಳಿಗೆ ರೂಢಿಯಾಗಿ ಅದರ ಮೇಲೇ ಬಂದು ಕೂರುತ್ತವೆ ಅನ್ನುತ್ತಾನೆ. 400 ವರ್ಷ ದಾಟಿದ ಮಾತು. ಕಚೇರಿ ಗೋಡೆಗೆ ಬರೆಸುವ ಹಾಗಿದೆ, ಅಲ್ವಾ? ಬರೆಸಬೇಡಿ. ಮದುವೆಗೆ ಮುಂಚೆ ಹುಡುಗಿಯನ್ನು ಬಸಿರು ಮಾಡಿದ ತಪ್ಪಿಗೆ ಒಬ್ಬ ಹುಡುಗನಿಗೆ ಮರಣದಂಡನೆ ವಿಧಿಸಿದ ಇದೇ ಆಂಜೆಲೊ, ಅಣ್ಣನ ಜೀವ ಬೇಡಲು ಬಂದ ತಂಗಿಗೆ ‘ನನ್ನ ಹಾಸಿಗೆಗೆ ಬಾ, ಬಿಡುತ್ತೇನೆ’ ಅನ್ನುತ್ತಾನೆ. ಆಕೆಯೋ ಸನ್ಯಾಸಿನಿಯಾಗಲು ಹೊರಟವಳು. ಬೆರ್ಚಪ್ಪನ ಮೇಲೆ ಕೂರುವ ಹಕ್ಕಿ ಯಾವುದು ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಇರಲಿ. ಒಂದೇ ಭಂಗಿ ಕೆಲಸಕ್ಕೆ ಬಾರದು ಅನ್ನುವುದು ನಮ್ಮ ರೈತರಿಗೆ ನಾಟಕ ಓದದೇ ಗೊತ್ತಿದೆ. ನಮ್ಮ ಅಜ್ಜ ಗದ್ದೆಯ ಬೆರ್ಚಪ್ಪನನ್ನು ನಾಲ್ಕು ದಿನಕ್ಕೊಮ್ಮೆ ಕಿತ್ತು ಬೇರೆ ಮೂಲೆಗೆ ನೆಡುತ್ತಿದ್ದ. ಒಮ್ಮೆ ಕಂಬಳಿ ಹೊದೆಸುತ್ತಿದ್ದ, ಒಮ್ಮೆ ಹಾಳೆಟೊಪ್ಪಿ ಇಡುತ್ತಿದ್ದ. ಈಗಿನ ಬೆರ್ಚಪ್ಪಗಳು ಚುನಾವಣೆಯಲ್ಲಿ ಪುಕ್ಕಟೆ ಸಿಕ್ಕ ಟೀ ಶರ್ಟ್ ತೊಟ್ಟಿವೆ. ಎದೆಯ ಮೇಲೆ ನಾಯಕರು ಕೈಮುಗಿದು ನಗುತ್ತಿರುತ್ತಾರೆ. ಕೈಮುಗಿದು ನಗುವವರಿಗೆ ಹೆದರಬೇಕು ಅಂತ ನಮಗೆ ಅನುಭವದಿಂದ ಗೊತ್ತು. ಮಂಗಗಳಿಗೆ ಮತದಾನದ ಹಕ್ಕಿಲ್ಲ, ಪಾಪ, ಅವಕ್ಕೆ ಹೇಗೆ ಗೊತ್ತಾಗಬೇಕು?

ಭಟ್ಕಳದ ಕಡೆ ಮಂಗ ಓಡಿಸಲು ಹುಲಿಗೊಂಬೆ ಇಟ್ಟಿದ್ದರು. ಅದನ್ನು ನೋಡಿಹೋದ ತೀರ್ಥಹಳ್ಳಿ ಕಡೆಯ ರೈತರೊಬ್ಬರು ತಾವೂ ಗೊಂಬೆ ತಂದರು. ಗೊಂಬೆಯ ಬಣ್ಣ ಮಾಸಿತು. ಅವರು ಸಾಕಿದ ನಾಯಿಗೇ ಕೂದಲಿಗೆ ಹಚ್ಚುವ ಡೈಯಲ್ಲಿ ಪಟ್ಟೆ ಬರೆದು ತೋಟಕ್ಕೆ ಕರೆದೊಯ್ದರು. 2019ರಲ್ಲಿ ದೇಶದ ಪೇಪರುಗಳಲ್ಲೆಲ್ಲ ಆ ನಾಯಿಯ ಫೋಟೊ ಬಂತು, ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅನಿಸಿತು, ಬೆರ್ಚಪ್ಪನಿಗೆ ಜೀವ ಇರಬೇಕು ಅಂತ ಅರ್ಥ ಮಾಡಿಕೊಂಡವರು ಅವರೊಬ್ಬರೇ. ಸರ್ಕಾರ ಮಾಡಿದ್ದು ಶಿವಮೊಗ್ಗ ಜಿಲ್ಲೆಗೆ ಮಂಕಿ ಪಾರ್ಕ್ ಘೋಷಣೆ. ನಮ್ಮ ತೋಟದಲ್ಲಿ ಆ ಪಾರ್ಕ್ ಟಿಕೆಟ್ ಇಲ್ಲದೆ ದಿನವೂ ನಡೆಯುತ್ತಿದೆ.

ಬೆರ್ಚಪ್ಪ ಅಂದಮೇಲೆ ಆಝ್ ಊರಿನವನನ್ನು ಬಿಡುವ ಹಾಗಿಲ್ಲ. 1900ರಲ್ಲಿ ಅಮೆರಿಕದ ಫ್ರಾಂಕ್ ಬಾಮ್ ಮಕ್ಕಳಿಗೆ ಬರೆದ ಕಥೆಯವನು. ಅವನ ಹೆಗಲ ಮೇಲೂ ಒಂದು ಮುದಿ ಕಾಗೆ ಬಂದು ಕೂರುತ್ತದೆ. ಹೊಟ್ಟೆತುಂಬ ಜೋಳ ತಿಂದು, ‘ನಿನಗೆ ಮಿದುಳೊಂದು ಇದ್ದಿದ್ದರೆ ನೀನೂ ಮನುಷ್ಯನೇ’ ಎಂದು ಸಮಾಧಾನ ಹೇಳುತ್ತದೆ. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡು, ಮಾಯಗಾರನ ಹತ್ತಿರ ಮಿದುಳು ಬೇಕು ಅಂತ ಕೇಳಲು ಹೊರಡುತ್ತಾನೆ. ದಾರಿಯುದ್ದಕ್ಕೂ ಬುದ್ಧಿವಂತಿಕೆಯ ಉಪಾಯಗಳನ್ನೆಲ್ಲ ಹೇಳುವವನು ಅವನೇ. ಮಾಯಗಾರ ತಲೆಗೆ ತೌಡು, ಗುಂಡುಸೂಜಿ, ಸೂಜಿ ಬೆರೆಸಿ ತುಂಬುತ್ತಾನೆ, ಬಲೂನ್ ಹತ್ತಿ ಹೋಗುವಾಗ ಊರನ್ನೂ ಇವನ ಕೈಗೇ ಕೊಟ್ಟು ಹೋಗುತ್ತಾನೆ. ಆ ಊರಿನವರಿಗೆ ಒಂದೇ ಹೆಮ್ಮೆ. ಹುಲ್ಲು ತುಂಬಿದ ಮನುಷ್ಯ ಆಳುವ ಊರು ಜಗತ್ತಿನಲ್ಲಿ ಇನ್ನೊಂದಿಲ್ಲವಂತೆ!

ಬಾಮ್ ಸಾಹೇಬರು ನಮ್ಮ ಕಡೆ ಬಂದಿರಲಿಲ್ಲ ಅಂತ ಕಾಣುತ್ತದೆ. ಆದರೂ ಒಂದು ವ್ಯತ್ಯಾಸ ಒಪ್ಪಬೇಕು. ನನಗೆ ಮಿದುಳಿಲ್ಲ ಅಂತ ತಾನೇ ಬಾಯಿಬಿಟ್ಟು ಹೇಳಿ, ಕಾಲ್ನಡಿಗೆಯಲ್ಲಿ ಹೋಗಿ ಅರ್ಜಿ ಕೊಟ್ಟ ಆಡಳಿತಗಾರ ಅವನೊಬ್ಬನೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೆದ್ದಾರಿಯಲ್ಲಿ ಇನ್ನೊಂದು ಜಾತಿಯ ಬೆರ್ಚಪ್ಪ ಇದೆ. ‘ಗುಡ್ಡ ಕುಸಿಯುವ ಸ್ಥಳ, ಎಚ್ಚರಿಕೆ’ ಅನ್ನುವ ಬೋರ್ಡು. ಯಾರನ್ನು ಹೆದರಿಸಲು? ಗುಡ್ಡಕ್ಕೆ ಓದಲು ಬರುವುದಿಲ್ಲ. ಓದಲು ಬರುವ ನಾವು ಓದಿಕೊಂಡು ಅದೇ ಗುಡ್ಡದ ಕೆಳಗೇ ಹೋಗಬೇಕು, ಬೇರೆ ರಸ್ತೆ ಎಲ್ಲಿದೆ? 2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಇಳಿದಾಗ ರಸ್ತೆ ಬದಿಯ ಚಹಾ ಅಂಗಡಿ ಹೋಯಿತು, ಅಂಗಡಿಯ ಮನೆಯವರೂ ಹೋದರು. ಪಕ್ಕದ ಗಂಗಾವಳಿ ಹೊಳೆಯಲ್ಲಿ ಮುಳುಗಿದ ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ.

ಜಪಾನಿನ ಹಳೆಯ ಗ್ರಂಥ ‘ಕೊಜಿಕಿ’ಯಲ್ಲಿ ಕುಎಬಿಕೊ ಎಂಬ ಬೆರ್ಚಪ್ಪ ದೇವರಿದ್ದಾನೆ. ಅವನಿಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿಲ್ಲ, ಆದರೆ ನಡೆಯಲು ಬರುವುದಿಲ್ಲ. ನಮ್ಮ ಫೈಲುಗಳಿಗೆ ಇವನನ್ನೇ ಕುಲದೇವರು ಮಾಡಬಹುದು. ಗುಡ್ಡವನ್ನು ನೆಟ್ಟಗೆ ಕಡಿದರೆ ಮಳೆಗೆ ಜಾರುತ್ತದೆ ಅಂತ ಫೈಲಿಗೆ ಗೊತ್ತಿರುತ್ತದೆ. ಕಾಲಿಲ್ಲ, ಅಷ್ಟೇ.

ಇನ್ನೊಂದು ಶಿರೂರು ಕುಂದಾಪುರದ ದಾರಿಯಲ್ಲಿದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಅಲ್ಲಿನ ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಆ ವಿಡಿಯೊ ನೀವೂ ನೋಡಿದ್ದೀರಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಹುಡುಗರು ಕೂಗಿದರು. ಭರವಸೆ ಬಂತು. ಆ ಭರವಸೆಯೂ ಬೆರ್ಚಪ್ಪನೇ, ಚುನಾವಣೆಗೊಮ್ಮೆ ಅಂಗಿ ಬದಲಿಸಿ ನಿಲ್ಲುತ್ತದೆ. ಎದೆ ಹಿಡಿದುಕೊಂಡು ಬಿದ್ದವನನ್ನು ಮಣಿಪಾಲಕ್ಕೆ ಒಯ್ಯುವುದೋ, ಹುಬ್ಬಳ್ಳಿಗೋ, ಗೋವೆಗೋ ಅಂತ ಮನೆಯವರು ಅಂಗಳದಲ್ಲಿ ನಿಂತು ಚರ್ಚೆ ಮಾಡುವುದನ್ನು ನಾನು ನೋಡಿದ್ದೇನೆ. ತಮಾಷೆ ಮಾಡೋಣ ಅಂತ ಬರೆಯಲು ಕೂತವನು ನಾನು. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ಸಾಕಾಗಿದೆ.

ತಗಡಿನ ಪೊಲೀಸಪ್ಪನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಳೆ-ಗಾಳಿಗೆ ಬಿದ್ದನಂತೆ. ಮೊನ್ನೆ ನೆಂಟರ ಮನೆಗೆ ಹೋದರೆ ಅವರ ಬಾಳೆ ಗಿಡಗಳ ನಡುವೆ ನಿಂತಿದ್ದಾನೆ, ಎತ್ತಿದ ಕೈ ಎತ್ತಿದ ಹಾಗೇ ಇದೆ.

‘ಇವ ಇಲ್ಲಿಗೆ ಹೇಗೆ ಬಂದ ಭಾವ?’ ಅಂದೆ.

‘ಚರಂಡಿಯಲ್ಲಿ ಬಿದ್ದಿದ್ದ. ಯಾರೂ ಕೇಳೋರಿರ್ಲಿಲ್ಲ, ತಂದು ನಿಲ್ಲಿಸ್ದೆ.’

‘ಮಂಗ ಹೆದರ್ತಾವಾ?’

‘ಎರಡು ದಿನ ಹೆದರಿದ್ವು’ ಅಂದ ಭಾವ. ಕವಳ ಉಗಿದು ಬಂದು, ‘ನಿಂಗೆ ಬೇಕಿದ್ರೆ ತಗಂಡು ಹೋಗು ಮಾರಾಯಾ’ ಅಂದ.