ಐವತ್ತು ಜನರ ಬಸ್ಸು, ಇಬ್ಬರ ಕಾರು

ಸುಂಟಿಕೊಪ್ಪದಿಂದ ಮಡಿಕೇರಿಗೆ ಅರ್ಧ ಗಂಟೆಯ ದಾರಿ. ನಿನ್ನೆ ಶನಿವಾರ ಎರಡು ಗಂಟೆ ಹಿಡಿಯಿತು. ಅವ್ವನ ಮಂಡಿ ನೋವಿಗೆ ಡಾಕ್ಟರ ಹತ್ತಿರ ಟೋಕನ್ ತೆಗೆದಿದ್ದೆ. ಊರು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಬಸ್ಸು ನಿಂತೇಬಿಟ್ಟಿತು. "ಇಳಿದು ನಡೆದೇ ಹೋಗೋಣವಾ ಮಗಾ?" ಎಂದಳು ಅವ್ವ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಕಿಟಕಿಯಿಂದ ಎಣಿಸಿದೆ. ಮುಂದಿದ್ದ ಇಪ್ಪತ್ತು ಕಾರುಗಳಲ್ಲಿ ಹದಿಮೂರರಲ್ಲಿ ಇಬ್ಬಿಬ್ಬರೇ. ಅವರ ಹಿಂದೆ ಐವತ್ತು ಜನರ ನಮ್ಮ ಬಸ್ಸು.

ವಾರಾಂತ್ಯದಲ್ಲಿ ಮಡಿಕೇರಿಗೆ ಬರುವ ಕಾರಿಗೆ ಶುಲ್ಕ ಹಾಕಬೇಕು. ನಾನು ಇದನ್ನು ಹೇಳಿದಾಗಲೆಲ್ಲ ಜಗಳವಾಗಿದೆ, ಆಗಲಿ. ಸಿಂಗಾಪುರ 1975ರಲ್ಲೇ ಶುರುಮಾಡಿತು. ಲಂಡನ್ 2003ರಲ್ಲಿ ಐದು ಪೌಂಡ್ ಹಾಕಿತು, ನಂಬರ್ ಪ್ಲೇಟನ್ನು ಕ್ಯಾಮೆರಾ ಓದಿಕೊಳ್ಳುತ್ತದೆ, ಗೇಟೂ ಇಲ್ಲ, ಕ್ಯೂವೂ ಇಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮಿನ ಕಥೆ ನನಗೆ ಬಹಳ ಇಷ್ಟ. ಮೊದಲು ಅಲ್ಲಿಯ ಹೆಚ್ಚಿನವರು ಬೇಡವೆಂದೇ ಕೂಗಿದ್ದರು. 2006ರಲ್ಲಿ ಏಳು ತಿಂಗಳು ಪ್ರಯೋಗ ಮಾಡಿ ನೋಡಿದರು. ನಗರದೊಳಗೆ ಹೋಗಿಬರುವ ವಾಹನ ಸುಮಾರು ಶೇ. 20ರಷ್ಟು ಇಳಿಯಿತು. ಆಮೇಲೆ ಮತ ಕೇಳಿದರೆ ಅದೇ ಊರಿನವರು ಇರಲಿ ಎಂದರು. ಖಾಲಿ ರಸ್ತೆಯನ್ನು ಕಣ್ಣಾರೆ ಕಂಡಿದ್ದರಲ್ಲ!

"ರಸ್ತೆ ಅಗಲ ಮಾಡಿದರೆ ಸಾಕು" ಅನ್ನುತ್ತಾರೆ. ಎಲ್ಲಿ ಅಗಲ ಮಾಡುವುದು? ಒಂದು ಕಡೆ ಬರೆ, ಅಂದರೆ ಗುಡ್ಡದ ಕಡಿದಾದ ಮಗ್ಗುಲು, ಇನ್ನೊಂದು ಕಡೆ ಪ್ರಪಾತ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜೋಡುಪಾಲದಲ್ಲಿ ಮನೆಗಳೇ ಹೋದದ್ದನ್ನು ಕಂಡ ಮೇಲೂ ಇನ್ನಷ್ಟು ಬರೆ ಕಡಿಯಬೇಕೇ?

ಪ್ರವಾಸಿಗರಿಲ್ಲದಿದ್ದರೆ ಹೋಂಸ್ಟೇ ಏನಾಗಬೇಕು ಎಂಬ ಮಾತು ಗೊತ್ತು. ನನ್ನ ತಮ್ಮನ ಮನೆ ನಡೆಯುವುದೂ ಅದರಿಂದಲೇ. ಬೇಡವೆಂದವರು ಯಾರು? ಬರಲಿ, ಕುಶಾಲನಗರದಲ್ಲಿ ಕಾರು ಬಿಟ್ಟು ಬಸ್ಸಿನಲ್ಲಿ ಬರಲಿ. ಕಾರೇ ಬೇಕೆಂದವರು ದುಡ್ಡು ಕೊಡಲಿ. ಊಟಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಇಲ್ಲದೆ ಹೊರಗಿನ ಕಾರು ಹತ್ತುವಂತಿಲ್ಲ. ಬಡವರಿಗೆ ಅನ್ಯಾಯ ಎನ್ನುವವರು ಒಮ್ಮೆ ನಮ್ಮ ಬಸ್ಸು ಹತ್ತಿ ನೋಡಲಿ. ಬಡವರು ಅಲ್ಲಿದ್ದಾರೆ, ಕಂಬಿ ಹಿಡಿದು ನಿಂತಿದ್ದಾರೆ.

ಆದರೆ ಒಂದು ಷರತ್ತು. ಬಂದ ದುಡ್ಡು ಬಸ್ಸಿಗೇ ಹೋಗಬೇಕು. 2025ರ ಜನವರಿಯಲ್ಲಿ ನ್ಯೂಯಾರ್ಕ್ ನಗರವು ತನ್ನ ಮ್ಯಾನ್‌ಹಟನ್‌ನ ದಕ್ಷಿಣ ಭಾಗದೊಳಗೆ ಬರುವ ಕಾರಿಗೆ ಒಂಬತ್ತು ಡಾಲರ್ ಹಾಕಿದ್ದು ಅಲ್ಲಿಯ ರೈಲು, ಬಸ್ಸುಗಳಿಗಾಗಿಯೇ. ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಬಸ್ಸೊಂದೇ ಗತಿ.

ಬೆಂಗಳೂರಿನಲ್ಲಿ ಹನ್ನೊಂದು ವರ್ಷ ನಾನೂ ಒಬ್ಬನೇ ಕಾರಿನಲ್ಲಿ ಆಫೀಸಿಗೆ ಹೋದವನು. ಹಿಂದಿನ ಬಸ್ಸಿನಲ್ಲಿ ಯಾರ ಅವ್ವ ಕೂತಿದ್ದಾಳೆಂದು ಒಂದು ದಿನವೂ ತಿರುಗಿ ನೋಡಲಿಲ್ಲ.

ನಾವು ತಲುಪುವಾಗ ಡಾಕ್ಟರು ಹೊರಟುಹೋಗಿದ್ದರು. ಬರುವ ಶನಿವಾರಕ್ಕೆ ಮತ್ತೆ ಟೋಕನ್ ಸಿಕ್ಕಿದೆ. ಬೆಳಗ್ಗೆ ಆರೂವರೆಗೇ ಹೊರಡುತ್ತೇವೆ.